ಶ್ರೀಲಂಕಾದಲ್ಲಿ ಹಕ್ಕಿ ನೋಡಲು ಹತ್ತು ದಿನ: ಹೊರಡುವವರಿಗೊಂದು ಮಾರ್ಗದರ್ಶಿ

ಬೆಂಗಳೂರಿನಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ದಾರಿ. ಗಡಿಯಾರವನ್ನು ಹಿಂದೆ ಮುಂದೆ ಮಾಡಬೇಕಿಲ್ಲ, ಅಲ್ಲಿಯ ಹೊತ್ತೂ ನಮ್ಮ ಹೊತ್ತೂ ಒಂದೇ. ಇಡೀ ದೇಶದ ವಿಸ್ತೀರ್ಣ 65,610 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಸುಮಾರು ಮೂರನೇ ಒಂದು ಪಾಲು. ಅಷ್ಟು ಸಣ್ಣ ನೆಲದಲ್ಲಿ ಸದಾ ತೊಟ್ಟಿಕ್ಕುವ ಮಳೆಕಾಡಿದೆ, 2,000 ಮೀಟರಿಗೂ ಎತ್ತರದಲ್ಲಿ ಮಂಜು ಹೊದ್ದ ಕಾಡಿದೆ, ಆನೆ ಅಡ್ಡಾಡುವ ಕುರುಚಲಿದೆ, ಸಮುದ್ರದ ದಂಡೆಗೆ ಉಪ್ಪುನೀರಿನ ಹರವುಗಳಿವೆ. ಇವುಗಳ ನಡುವೆ ರಾಜರ ಕಾಲದ ಲೆಕ್ಕವಿಲ್ಲದಷ್ಟು ಕೆರೆಗಳು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಸುಮಾರು 34 ಜಾತಿಯ ಹಕ್ಕಿಗಳು ಈ ದ್ವೀಪದಲ್ಲಿವೆ. ಪಟ್ಟಿಯಿಂದ ಪಟ್ಟಿಗೆ ಒಂದೆರಡು ಹೆಚ್ಚುಕಮ್ಮಿ ಆಗಬಹುದು.

ಮೊದಲ ಸಲ ಹೋದಾಗ ನಾನು ಆರು ದಿನದಲ್ಲಿ ಏಳು ಜಾಗ ನೋಡುವ ಯೋಜನೆ ಹಾಕಿದ್ದೆ. ದೇಶ ಚಿಕ್ಕದು, ಸುತ್ತಿಬರಬಹುದು ಎಂದುಕೊಂಡಿದ್ದೆ. ನೋಡಿದ್ದು ಹೆಚ್ಚಾಗಿ ರಸ್ತೆಯನ್ನೇ. ಬೆಳಗಿನ ಒಳ್ಳೆಯ ಹೊತ್ತು ಕಾರಿನಲ್ಲಿ ಕಳೆಯಿತು, ಕಾಡು ತಲುಪಿದಾಗ ನೆತ್ತಿಯ ಮೇಲೆ ಬಿಸಿಲು. ಎರಡನೇ ಸಲ ಕೆಲವು ಊರುಗಳನ್ನು ಕೈಬಿಟ್ಟು, ಉಳಿದ ಹೆಚ್ಚಿನವುಗಳಲ್ಲಿ ಎರಡು ಮೂರು ರಾತ್ರಿ ತಂಗಿದೆ. ಕಂಡ ಹಕ್ಕಿಗಳು ದುಪ್ಪಟ್ಟಾದವು. ಮುಂದೆ ಬರೆದಿರುವುದೆಲ್ಲ ಆ ಎರಡನೇ ಪ್ರವಾಸದಲ್ಲಿ ಕಲಿತದ್ದು.

ಮೊದಲು ನಮ್ಮ ಘಟ್ಟದ ಹಕ್ಕಿಗಳನ್ನು ಗಟ್ಟಿಮಾಡಿಕೊಳ್ಳಿ

ಇದು ವಿಚಿತ್ರ ಸಲಹೆ ಅನ್ನಿಸಬಹುದು, ಆದರೆ ನಾನು ಎಲ್ಲರಿಗೂ ಹೇಳುವ ಮೊದಲ ಮಾತು ಇದೇ. ಪಶ್ಚಿಮ ಘಟ್ಟವನ್ನೂ ಶ್ರೀಲಂಕಾವನ್ನೂ ಜೀವವೈವಿಧ್ಯದ ಒಂದೇ ವಲಯವೆಂದು ಲೆಕ್ಕ ಹಾಕುತ್ತಾರೆ. ಸಮುದ್ರದ ಮಟ್ಟ ಇಳಿದಿದ್ದ ಕಾಲಗಳಲ್ಲಿ ಎರಡರ ನಡುವೆ ನೆಲದ ದಾರಿಯಿತ್ತು. ಆ ದಾರಿ ಮುಳುಗಿ, ಎರಡು ಕಡೆಯ ಹಕ್ಕಿಗಳು ಬೇರೆ ಬೇರೆಯಾಗಿ ಬೆಳೆದವು. ಹಾಗಾಗಿ ಅಲ್ಲಿ ಕಾಣುವ ಅನೇಕ ಹಕ್ಕಿಗಳು ನಮ್ಮವುಗಳ ದಾಯಾದಿಗಳು.

ನಮ್ಮ ಕಾಡಿನ ಬೂದು ಕಾಡುಕೋಳಿಗೆ ಅಲ್ಲಿ ಜೋಡಿಯಾಗಿ ಶ್ರೀಲಂಕಾ ಕಾಡುಕೋಳಿ ಇದೆ. ಅದೇ ಆ ದೇಶದ ರಾಷ್ಟ್ರಪಕ್ಷಿ. ಹುಂಜದ ಕೆಂಪು ಜುಟ್ಟಿನ ನಡುವೆ ಅರಿಸಿನ ಬಳಿದಂತೆ ಹಳದಿ ಮಚ್ಚೆ ಇರುತ್ತದೆ. ಕೊಡಗು ಚಿಕ್ಕಮಗಳೂರಿನ ತೋಟಗಳಲ್ಲಿ ಬೆಳಗಾದರೆ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಷ್‌ಗೆ ಅಲ್ಲೊಬ್ಬ ನಾಚಿಕೆ ಸ್ವಭಾವದ ಸೋದರನಿದ್ದಾನೆ. ಮಲೆನಾಡಿನ ಮಂಗಟ್ಟೆ, ಕುಟ್ರ ಹಕ್ಕಿ, ನೀಲಿ ರೆಕ್ಕೆಯ ಗಿಳಿ, ಕಾಡು ಪಾರಿವಾಳ ಎಲ್ಲಕ್ಕೂ ಅಲ್ಲಿ ಹೀಗೊಂದು ಜೊತೆಯಿದೆ. ಕಪ್ಪೆಬಾಯಿ, ಕಾಕರಣೆ ಹಕ್ಕಿಯಂಥವು ಎರಡು ಕಡೆಯೂ ಉಳಿದುಕೊಂಡಿವೆ. ಗಣೇಶಗುಡಿಯಲ್ಲೋ ಆಗುಂಬೆಯಲ್ಲೋ ಎರಡು ಮೂರು ದಿನ ಕಳೆದು, ಇವುಗಳ ಚಹರೆಯನ್ನೂ ದನಿಯನ್ನೂ ಕಿವಿಗೆ ಹತ್ತಿಸಿಕೊಂಡು ಹೋದರೆ ಅಲ್ಲಿ ಕಾಡಿನೊಳಗೆ ಹೊಸ ದನಿ ಬಂದ ಕೂಡಲೇ ಗೊತ್ತಾಗುತ್ತದೆ. ಗೊತ್ತಿರುವುದನ್ನು ಬದಿಗಿಟ್ಟರೆ ತಾನೇ ಗೊತ್ತಿಲ್ಲದ್ದು ಎದ್ದು ಕಾಣುವುದು.

ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ನೀವು ಹೋಗುವ ತಿಂಗಳಿಗೆ ಆಯಾ ಜಾಗದ ಪಟ್ಟಿ ನೋಡಿಕೊಳ್ಳಿ. ಹಕ್ಕಿಯನ್ನು ಗುರುತಿಸಲು ನೆರವಾಗುವ ಮರ್ಲಿನ್ ಆಪ್‌ನಲ್ಲಿ ಆ ದೇಶದ ಹಕ್ಕಿಗಳ ಕಡತವನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ. ಮಳೆಕಾಡಿನಲ್ಲಿ ಸಿಗ್ನಲ್ ನಂಬಿ ಕೂರುವಂತಿಲ್ಲ.

ಯಾವ ತಿಂಗಳು

ದ್ವೀಪಕ್ಕೆ ಎರಡು ಮಳೆಗಾಲ. ನೈಋತ್ಯ ಮಾರುತ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಮಳೆಕಾಡುಗಳಿರುವ ಸಿಂಹರಾಜ, ಕಿತುಲ್‌ಗಲದ ಕಡೆ ಸುರಿಯುತ್ತದೆ. ಈಶಾನ್ಯ ಮಾರುತ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಉತ್ತರ ಮತ್ತು ಪೂರ್ವ ಭಾಗಕ್ಕೆ ಮಳೆ ತರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲ ಕಡೆ ಸಂಜೆ ಗುಡುಗು ಮಳೆ.

ಇವೆಲ್ಲ ಕೂಡಿಸಿ ಕಳೆದರೆ ಜನವರಿ ನಡುವಿನಿಂದ ಮಾರ್ಚ್ ಕೊನೆಯವರೆಗೆ ಒಳ್ಳೆಯ ಕಾಲ. ಮಳೆಕಾಡು ಸ್ವಲ್ಪ ಒಣಗಿರುತ್ತದೆ, ಉತ್ತರದಿಂದ ಚಳಿಗಾಲ ಕಳೆಯಲು ಬಂದ ಹಕ್ಕಿಗಳು ಇನ್ನೂ ಹೊರಟಿರುವುದಿಲ್ಲ, ದ್ವೀಪದ ಸ್ವಂತ ಹಕ್ಕಿಗಳು ಮರಿ ಮಾಡುವ ಉಮೇದಿನಲ್ಲಿ ಕೂಗುತ್ತಿರುತ್ತವೆ. ಏಪ್ರಿಲ್ 13, 14ರ ಸಿಂಹಳ ಮತ್ತು ತಮಿಳು ಹೊಸವರ್ಷದ ವಾರವನ್ನು ತಪ್ಪಿಸಿ. ಅಂಗಡಿ ಮುಚ್ಚಿರುತ್ತವೆ, ಚಾಲಕರು ತಮ್ಮ ಊರಿಗೆ ಹೋಗಿರುತ್ತಾರೆ. ಆ ಹಬ್ಬ ಬಂತೆಂದು ಅಲ್ಲಿ ಸಾರುವುದು ಕೋಗಿಲೆ, ನಮ್ಮ ಯುಗಾದಿಯ ಹಾಗೆಯೇ. ಸಿಂಹಳದಲ್ಲಿ ಅದರ ಹೆಸರು ಕೋಹಾ. ಹಕ್ಕಿ ಪುಸ್ತಕಗಳಲ್ಲಿ ಬರುವ ಮಲ್ಕೋಹಾ ಎಂಬ ಹೆಸರೂ ಅಲ್ಲಿಯದೇ: ಮಲ್ ಅಂದರೆ ಹೂ, ಹೂಗೋಗಿಲೆ.

ಹುಣ್ಣಿಮೆಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಪ್ರತಿ ಹುಣ್ಣಿಮೆ ಅಲ್ಲಿ ಪೋಯ, ಸರ್ಕಾರಿ ರಜೆ. ಆ ದಿನ ಬೆಟ್ಟದ ಮೇಲಿನ ಹಾರ್ಟನ್ ಪ್ಲೇನ್ಸ್‌ನಂಥ ಜಾಗಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಕಾಗದಪತ್ರ, ವಾಹನ, ದುಡ್ಡು

ಭಾರತದ ಪಾಸ್‌ಪೋರ್ಟ್ ಇರುವವರು ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಪ್ರವೇಶದ ಅನುಮತಿ ಪಡೆಯಬೇಕು. ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಟಿಕೆಟ್ ಮಾಡುವ ಮುನ್ನ ಸರ್ಕಾರದ ಅಧಿಕೃತ ತಾಣವನ್ನೇ ನೋಡಿ. ಕಾಡುಗಳ ಪ್ರವೇಶ ದರದಲ್ಲಿ ಹಲವೆಡೆ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ. ಕೇಳದಿದ್ದರೆ ಪೂರ್ತಿ ವಿದೇಶಿ ದರದ ಚೀಟಿ ಹರಿದುಕೊಟ್ಟಾರು. ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದೇ ಕೌಂಟರಿಗೆ ಹೋಗಿ. ಕಾಡಂಚಿನ ಊರುಗಳಲ್ಲಿ ಜೀಪಿಗೂ ಗೈಡಿಗೂ ನಗದೇ ಕೊಡಬೇಕು.

ಹತ್ತು ದಿನಕ್ಕೂ ಒಂದೇ ಕಾರು, ಒಬ್ಬರೇ ಚಾಲಕರು ಇರಲಿ. ಮಾತಾಡುವಾಗ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಬೆಳಗಿನ ಜಾವ ನಾಲ್ಕೂವರೆ ಐದಕ್ಕೆ ಹೊರಡುವ ದಿನಗಳಿವೆ, ದಾರಿಯಲ್ಲಿ ಹಕ್ಕಿ ಕಂಡರೆ ನಿಲ್ಲಿಸಬೇಕಾಗುತ್ತದೆ. ಇದಕ್ಕೆ ಒಪ್ಪುವವರೇ ಬೇಕು. ಸಂಬಾರ ಪದಾರ್ಥದ ತೋಟ, ರತ್ನದ ಅಂಗಡಿ ಎಂದು ಬಳಸುದಾರಿ ಹಿಡಿಯುವವರೂ ಇರುತ್ತಾರೆ, ಅದು ಬೇಡವೆಂದು ಮೊದಲೇ ಹೇಳಿಬಿಡಿ. ಬೆಟ್ಟದ ರಸ್ತೆಗಳು ಅಂಕುಡೊಂಕು. ನಕ್ಷೆಯಲ್ಲಿ ನೂರು ಕಿಲೋಮೀಟರು ಕಂಡರೆ ಮೂರು ಗಂಟೆ ಎಂದು ಇಟ್ಟುಕೊಳ್ಳಿ.

ನನ್ನ ದಾರಿ ಹೀಗಿತ್ತು: ಕಟುನಾಯಕ ವಿಮಾನ ನಿಲ್ದಾಣದಿಂದ ನೇರ ಕಿತುಲ್‌ಗಲ, ಎರಡು ರಾತ್ರಿ. ಅಲ್ಲಿಂದ ರತ್ನಪುರದ ಮೇಲೆ ಸಿಂಹರಾಜ, ಮೂರು ರಾತ್ರಿ. ಒಣ ಸೀಮೆಯ ಉಡವಳವೆಯಲ್ಲಿ ಒಂದು, ತಿಸ್ಸಮಹಾರಾಮದಲ್ಲಿ ಎರಡು. ಕೊನೆಗೆ ಬೆಟ್ಟದ ಮೇಲಿನ ನುವರ ಎಲಿಯದಲ್ಲಿ ಎರಡು ರಾತ್ರಿ. ಹತ್ತು ರಾತ್ರಿ ಮುಗಿಸಿ ವಾಪಸಾಗುವ ದಿನ ಕೊಲಂಬೊ ಹೊರವಲಯದ ತಲಂಗಮ. ನಿಮ್ಮ ಕೈಯಲ್ಲಿ ಏಳೇ ರಾತ್ರಿಯಿದ್ದರೆ ಕಿತುಲ್‌ಗಲವನ್ನೂ ಉಡವಳವೆಯನ್ನೂ ಬಿಡಿ, ಸಿಂಹರಾಜದ ಮೂರು ರಾತ್ರಿಯನ್ನು ಮಾತ್ರ ಮುಟ್ಟಬೇಡಿ.

ಚೀಲದಲ್ಲಿ ಏನಿರಬೇಕು

ದುರ್ಬೀನು 8x42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ, 42 ಮಿಲಿಮೀಟರ್ ಗಾಜಿನದು) ಸಾಕು. ಹೆಚ್ಚು ದೊಡ್ಡದಾಗಿ ತೋರಿಸುವುದು ಬೇಕೆಂಬ ಆಸೆಯಲ್ಲಿ ಹನ್ನೆರಡರ ಪಟ್ಟಿನದನ್ನು ಕೊಳ್ಳುವವರಿದ್ದಾರೆ. ಮಳೆಕಾಡಿನ ಒಳಗೆ ಹಗಲಲ್ಲೂ ಮಬ್ಬು, ಹಕ್ಕಿ ಹತ್ತಿರದಲ್ಲೇ ಇರುತ್ತದೆ, ಒಂದು ಕ್ಷಣ ಮಾತ್ರ ಇರುತ್ತದೆ. ಬೆಳಕು ಹೆಚ್ಚು ತೆಗೆದುಕೊಳ್ಳುವ, ಅಗಲಕ್ಕೆ ತೋರಿಸುವ ಗಾಜೇ ಅಲ್ಲಿ ಕೆಲಸಕ್ಕೆ ಬರುವುದು. ನೀರು ಇಳಿಯದಂಥದ್ದಾಗಿರಲಿ. ರಾತ್ರಿ ಅದನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬಿಗಿಯಾದ ಚೀಲದಲ್ಲಿಡಿ. ಇಲ್ಲದಿದ್ದರೆ ಗಾಜಿನೊಳಗೆ ಬೂಷ್ಟು ಹಿಡಿಯುವ ಭಯ. ಕೆರೆ ಮತ್ತು ಉಪ್ಪುನೀರಿನ ಹರವುಗಳಿಗೆ ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ದೂರದರ್ಶಕ) ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ.

ಇಂಬಳಗಳ, ಅಂದರೆ ರಕ್ತ ಹೀರುವ ನೆಲದ ಜಿಗಣೆಗಳ ವಿಚಾರ. ಮಲೆನಾಡಿನವರಿಗೆ ಹೊಸದಲ್ಲ, ಬಯಲುಸೀಮೆಯವರು ಗಾಬರಿಯಾಗುತ್ತಾರೆ. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಇಂಬಳದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿ. ತಿಳಿ ಬಣ್ಣದ್ದಿದ್ದರೆ ಹತ್ತುತ್ತಿರುವಾಗಲೇ ಕಾಣುತ್ತದೆ. ಸುಣ್ಣ ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ನಮ್ಮಜ್ಜಿಯ ಕಾಲದ ಉಪಾಯ. ಅದು ಅಲ್ಲೂ ನನಗೆ ಕೈಕೊಡಲಿಲ್ಲ. ಕಚ್ಚಿದ್ದನ್ನು ಕೀಳಲು ಹೋಗದೆ ಉಗುರಿನಿಂದ ಬದಿಗೆ ಜಾರಿಸಿ ಬಿಡಿಸಿ.

ಇನ್ನುಳಿದದ್ದು: ಕೊಡೆ (ರೈನ್‌ಕೋಟಿಗಿಂತ ಮೇಲು, ಸೆಕೆಯಾಗುವುದಿಲ್ಲ, ಸದ್ದಿಲ್ಲದೆ ನಿಲ್ಲಬಹುದು), ನುವರ ಎಲಿಯಕ್ಕೆ ಸ್ವೆಟರು ಮತ್ತು ಟೋಪಿ, ತಲೆಗೆ ಕಟ್ಟುವ ಟಾರ್ಚು, ಚೌಕ ಮೂರು ಕಡ್ಡಿಯ ಪ್ಲಗ್ಗಿಗೆ ಅಡಾಪ್ಟರು. ಬಟ್ಟೆ ಹಸಿರು, ಕಂದು, ಬೂದಿ ಬಣ್ಣದ್ದಿರಲಿ.

ಕಿತುಲ್‌ಗಲ: ಕಣ್ಣು ಪಳಗಿಸುವ ಊರು

ಕೆಲನಿ ಹೊಳೆಯ ದಂಡೆಯ ಈ ಊರಿಗೆ ಬಹಳ ಜನ ಬರುವುದು ತೆಪ್ಪದ ಸಾಹಸಕ್ಕೆ. ಹಕ್ಕಿ ನೋಡುವವರಿಗೆ ಬೇಕಾದದ್ದು ಹೊಳೆಯಾಚೆಯ ಮಕಂದವ ಕಾಡು ಮತ್ತು ಅದರ ಅಂಚಿನ ರಬ್ಬರು, ಅಡಿಕೆ, ಹಲಸಿನ ಹಿತ್ತಿಲುಗಳು. ಮೊದಲ ದಿನವೇ ದಟ್ಟ ಕಾಡಿಗೆ ನುಗ್ಗಬೇಡಿ. ಮನೆಗಳ ನಡುವಿನ ಕಾಲುದಾರಿಯಲ್ಲಿ ನಿಧಾನ ನಡೆಯಿರಿ. ಹಳದಿ ಹಣೆಯ ಕುಟ್ರ ಹಕ್ಕಿ, ಲೇಯಾರ್ಡ್ ಗಿಳಿ, ನೇತಾಡುವ ಪುಟ್ಟ ಲಂಬಗಿಳಿ, ಕಂದು ಬೆನ್ನಿನ ಹಾಲಕ್ಕಿ ಇಲ್ಲಿ ಹಿತ್ತಿಲಲ್ಲೇ ಸಿಗುತ್ತವೆ. ಹಾಲಕ್ಕಿ ಪುಟ್ಟ ಗೂಬೆ, ಹಗಲಿನಲ್ಲೂ ಕೂಗುವ ಜಾತಿಯದು.

ರಾತ್ರಿ ಸೆರೆಂಡಿಬ್ ಗೂಬೆಗಾಗಿ ಒಂದು ಸುತ್ತು ಹೋಗಬಹುದು. ಈ ಗೂಬೆಯ ಕಥೆ ನನಗೆ ಬಹಳ ಇಷ್ಟ. 1995ರಲ್ಲಿ ದೀಪಾಲ್ ವರಕಗೊಡ ಎಂಬ ಪಕ್ಷಿತಜ್ಞರು ಈ ಕಡೆಯ ಮಳೆಕಾಡಿನಲ್ಲಿ ಗುರುತು ಹತ್ತದ ಒಂದು ಮೆಲುದನಿ ಕೇಳಿದರು. ಅದೇ ದನಿಯ ಹಿಂದೆ ಬಿದ್ದು, ಹಕ್ಕಿಯನ್ನು ಕಣ್ಣಾರೆ ಕಂಡದ್ದು 2001ರ ಜನವರಿಯಲ್ಲಿ. 2004ರಲ್ಲಿ ಅದು ಹೊಸ ಜಾತಿಯೆಂದು ವಿಜ್ಞಾನದ ದಾಖಲೆಗೆ ಸೇರಿತು. ಕಿವಿಯಂತೆ ನಿಲ್ಲುವ ಪುಕ್ಕಗಳಿಲ್ಲದ, ಕೆಂಗಂದು ಬಣ್ಣದ, ಬೊಗಸೆಯಲ್ಲಿ ಕೂರುವಷ್ಟೇ ದೊಡ್ಡ ಗೂಬೆ. ಜನ ಶತಮಾನಗಳಿಂದ ಓಡಾಡಿದ ಕಾಡಿನಲ್ಲೇ ಅದು ಅಷ್ಟು ಕಾಲ ಕೂಗುತ್ತಿತ್ತು. ಅದಕ್ಕೇ ಹೇಳುವುದು, ಈ ಕಾಡುಗಳಲ್ಲಿ ಕಿವಿಯೇ ಮೊದಲು.

ಸಿಂಹರಾಜ: ಕಾಯುವುದೇ ಇಲ್ಲಿಯ ಕೆಲಸ

1988ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಾಡಿದು. ಕುಡವ ಎಂಬ ಹಳ್ಳಿಯ ಕಡೆಯಿಂದ ಒಳಹೊಕ್ಕರೆ ಹಕ್ಕಿ ನೋಡಲು ಅನುಕೂಲ. ಕೌಂಟರಿನಲ್ಲಿ ಚೀಟಿ ಪಡೆದು, ಅರಣ್ಯ ಇಲಾಖೆಯ ಗೈಡ್ ಒಬ್ಬರನ್ನು ಜೊತೆಗೆ ಕರೆದುಕೊಳ್ಳಬೇಕು, ಅದು ಕಡ್ಡಾಯ. ಕಲ್ಲುಗುಂಡಿನ ಏರುದಾರಿಯಲ್ಲಿ ಜೀಪು ತಡೆಗಂಬದವರೆಗೆ ಬಿಡುತ್ತದೆ. ಅಲ್ಲಿಂದ ಮುಂದೆ ನಡಿಗೆ.

ನೀವು ನಡೆಯುವ ಅಗಲದ ದಾರಿ ಒಂದು ಕಾಲದ ಮರದ ಲಾರಿಗಳ ರಸ್ತೆ. 1970ರ ದಶಕದಲ್ಲಿ ಪ್ಲೈವುಡ್‌ಗೆಂದು ಇಲ್ಲಿ ಯಂತ್ರ ಇಳಿಸಿ ಮರ ಕಡಿದಿದ್ದರು. ಜನರ ವಿರೋಧ ಬಲವಾಗಿ ಆ ದಶಕದ ಕೊನೆಗೆ ಅದು ನಿಂತಿತು. ಶಿರಸಿ ಸೀಮೆಯಲ್ಲಿ 1983ರಲ್ಲಿ ಮರಗಳನ್ನು ಅಪ್ಪಿ ನಿಂತ ನಮ್ಮ ಜನರನ್ನು ನಾನು ಆ ದಾರಿಯಲ್ಲಿ ಪ್ರತಿ ಸಲ ನೆನೆಯುತ್ತೇನೆ.

ಈಗ ಮುಖ್ಯ ಮಾತು. ಸಿಂಹರಾಜದಲ್ಲಿ ಹಕ್ಕಿಗಳು ಚೆದುರಿ ಸಿಗುವುದಿಲ್ಲ, ಮೇಳ ಕಟ್ಟಿಕೊಂಡು ತಿರುಗುತ್ತವೆ. ಬೇರೆ ಬೇರೆ ಜಾತಿಯವು ಒಟ್ಟಾಗಿ ಮೇಯುತ್ತ ಕಾಡಿನಲ್ಲಿ ಸಾಗುವ ಈ ಮೇಳಗಳನ್ನು ಕೊಲಂಬೊ ವಿಶ್ವವಿದ್ಯಾಲಯದ ಪ್ರೊಫೆಸರ್ ಸರತ್ ಕೋಟಗಮ ಮತ್ತು ಸಂಗಡಿಗರು 1980ರ ದಶಕದ ಆರಂಭದಿಂದ ಗಮನಿಸುತ್ತ ಬಂದರು. ಸರಾಸರಿ ಒಂದು ಮೇಳದಲ್ಲಿ 40ರ ಆಸುಪಾಸು ಹಕ್ಕಿಗಳು, ಹತ್ತು ಹನ್ನೆರಡು ಜಾತಿ. ಮುಂದಾಳು ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು, ಕಾವಲು ಜುಟ್ಟಿನ ಕಾಜಾಣ. ಕಾಜಾಣ ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಅವುಗಳನ್ನು ಮೇಳಕ್ಕೆ ಕರೆಯುತ್ತದೆ ಎಂಬುದೂ ಈ ಕಾಡಿನ ಅಧ್ಯಯನದಿಂದ ತಿಳಿದದ್ದು.

ಇದನ್ನು ತಿಳಿಯದೆ ಮೊದಲ ಸಲ ನಾನು ದಾರಿಯುದ್ದ ಸರಸರ ನಡೆದೆ. ಎರಡು ಗಂಟೆ ನಡೆದರೂ ಒಂದು ಜೀರುಂಡೆಯ ಸದ್ದು ಬಿಟ್ಟರೆ ಏನೂ ಇಲ್ಲ. ಎರಡನೇ ಸಲದ ಗೈಡ್ ನಡುವಯಸ್ಸಿನವರು, ಆ ಹಳ್ಳಿಯಲ್ಲೇ ಹುಟ್ಟಿ ಬೆಳೆದವರು. ದಾರಿಯ ಒಂದು ತಿರುವಿನಲ್ಲಿ ನಿಂತು, ಕೊಡೆಯನ್ನು ನೆಲಕ್ಕೆ ಊರಿ, ಇಲ್ಲೇ ಇರೋಣ ಎಂದು ಸನ್ನೆ ಮಾಡಿದರು. ಮುಕ್ಕಾಲು ಗಂಟೆ ಕಳೆಯಿತು. ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಬೂಟಿನ ಮೇಲೆ ಎರಡು ಇಂಬಳ ನೆಟ್ಟಗೆ ನಿಂತು ಗಾಳಿಯಲ್ಲಿ ತಡಕಾಡುತ್ತಿದ್ದವು. ಆಮೇಲೆ ದೂರದಲ್ಲಿ ಮಕ್ಕಳು ಶಾಲೆ ಬಿಟ್ಟು ಬಂದ ಹಾಗೆ ಗಲಗಲ. ಅವರು ಬೆರಳೆತ್ತಿದರು.

ಮೊದಲು ಬಂದವು ಹರಟೆಮಲ್ಲಗಳು, ಒಣಗೆಲೆ ಕೆದಕುತ್ತ, ಬಳ್ಳಿ ಹಿಡಿದು ತಲೆಕೆಳಗಾಗುತ್ತ. ನೆಲದ ಹತ್ತಿರ ಬೂದುತಲೆಯ ಇನ್ನೊಂದು ಗುಂಪು. ನಡುಮಟ್ಟದಲ್ಲಿ ಕಾಕರಣೆ ಹಕ್ಕಿಯ ಜೋಡಿ, ಗಂಡಿನ ಎದೆ ಆ ಮಬ್ಬಿನಲ್ಲಿ ಕೆಂಡದಂತೆ. ಮೇಲೆ ಕಾಜಾಣ ಯಾರದೋ ದನಿಯಲ್ಲಿ ಕೂಗಿತು. ಅದಕ್ಕಿಂತ ಮೇಲೆ, ಕೊಂಬೆಗಳ ಸಂದಿಯಲ್ಲಿ, ಅಳಿಲಿನಂತೆ ಹರಿದಾಡುವ ಉದ್ದ ಬಾಲ. ಕೆಂಪುಮೊಗದ ಮಲ್ಕೋಹಾ. ನಾನು ದುರ್ಬೀನು ಏರಿಸುವಷ್ಟರಲ್ಲಿ ಅದು ಎಲೆ ಹಿಂದೆ ಸರಿಯಿತು, ಮತ್ತೆ ಒಂದೇ ಒಂದು ಸಲ ಮುಖ ಹೊರಹಾಕಿತು. ಹತ್ತು ನಿಮಿಷದಲ್ಲಿ ಎಲ್ಲ ದಾಟಿಹೋಯಿತು. ಉಳಿದದ್ದು ಕೆದಕಿದ ಎಲೆಗಳು ಗಾಳಿಯಲ್ಲಿ ಇಳಿಯುವುದು ಮಾತ್ರ.

ಆದ್ದರಿಂದ ಇಲ್ಲಿ ಕ್ರಮ ಹೀಗಿರಲಿ. ಬಾಗಿಲು ತೆರೆಯುವ ಹೊತ್ತಿಗೇ ಒಳಹೋಗಿ. ಒಂದೇ ಒಂದು ಕಿಲೋಮೀಟರು ದಾರಿ ಆರಿಸಿಕೊಂಡು ಅದರಲ್ಲೇ ಇಡೀ ಬೆಳಗು ಕಳೆಯಿರಿ. ಮೇಳ ಬಂದಾಗ ಹತ್ತಿರದ, ಸುಲಭವಾಗಿ ಕಾಣುವ ಹಕ್ಕಿಗೆ ಮರುಳಾಗದೆ ಮೊದಲು ಮರದ ತುದಿ ನೋಡಿ. ಮಲ್ಕೋಹಾ, ಬಿಳಿಮೊಗದ ಗೊರವಂಕ ಅಲ್ಲಿರುತ್ತವೆ. ಕೆಳಗಿನವು ಇನ್ನೂ ಎರಡು ನಿಮಿಷ ಇದ್ದೇ ಇರುತ್ತವೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಗೈಡ್ ಹಾಕಲು ಮುಂದಾದರೂ ಬೇಡವೆನ್ನಿ. ತನ್ನ ಸೀಮೆಗೆ ಬೇರೊಬ್ಬ ನುಗ್ಗಿದನೆಂದು ಹಕ್ಕಿ ಮೇವು ಬಿಟ್ಟು, ಗೂಡು ಬಿಟ್ಟು ಬರುತ್ತದೆ. ದಿನಕ್ಕೆ ಹತ್ತು ಗುಂಪು ಬರುವ ದಾರಿಯಲ್ಲಿ ಅದು ದಿನಕ್ಕೆ ಹತ್ತು ಸಲ.

ಶ್ರೀಲಂಕಾದ ನೀಲಿ ಮ್ಯಾಗ್‌ಪೈ ನಮ್ಮ ಮಟಪಕ್ಷಿಯ ನೆಂಟ. ಆಕಾಶನೀಲಿ ಮೈ, ಇಟ್ಟಿಗೆ ಬಣ್ಣದ ತಲೆ, ಹವಳದಂಥ ಕೊಕ್ಕು ಮತ್ತು ಕಾಲು. ಇದಕ್ಕಾಗಿ ಕಾಡೆಲ್ಲ ಅಲೆಯಬೇಕಿಲ್ಲ. ಕಾಡಂಚಿನ ವಸತಿಗಳಲ್ಲಿ ರಾತ್ರಿ ದೀಪಕ್ಕೆ ಬಂದ ಪತಂಗಗಳನ್ನು ಹೆಕ್ಕಲು ಬೆಳಕು ಹರಿಯುವಾಗ ಗೋಡೆಯ ಹತ್ತಿರವೇ ಬರುತ್ತದೆ. ಐದೂವರೆಗೆ ಎದ್ದು ಜಗಲಿಯಲ್ಲಿ ಕುಳಿತಿರಿ. ಹಸಿರು ಕೊಕ್ಕಿನ ಕೆಂಬೂತ ಕಷ್ಟದ್ದು. ನಮ್ಮ ಮಾಮೂಲಿ ಕೆಂಬೂತವೂ ಅಲ್ಲಿದೆ, ಅದರ ಕೊಕ್ಕು ಕಪ್ಪು. ದಂತದ ಬಣ್ಣದ, ತುಸು ಹಸಿರು ಕೊಕ್ಕು ಕಂಡರೆ ಮಾತ್ರ ಪಟ್ಟಿಗೆ ಬರೆಯಿರಿ.

ಒಣ ಸೀಮೆ

ಮಳೆಕಾಡಿನಿಂದ ಇಳಿದರೆ ನಾಲ್ಕೈದು ಗಂಟೆಯಲ್ಲಿ ನೆಲವೇ ಬೇರೆ. ಉಡವಳವೆ ಉದ್ಯಾನವಾದದ್ದು 1972ರಲ್ಲಿ, ಜಲಾಶಯದ ಸುತ್ತ. ಎಲ್ಲರೂ ಆನೆ ನೋಡಲು ಬರುತ್ತಾರೆ. ಆನೆಯ ಜೊತೆಗೆ ಹುಲ್ಲುಗಾವಲಿನ ಒಣಮರಗಳ ಮೇಲೆ ಗಿಡುಗಗಳು, ನೀಲಕಂಠ, ನೀಲಿಮೊಗದ ಮಲ್ಕೋಹಾ ಸಿಗುತ್ತವೆ. ಬೆಳಗಿನ ಒಂದು ಸಫಾರಿ ಸಾಕು.

ತಿಸ್ಸಮಹಾರಾಮಕ್ಕೆ ಬಂದವರೆಲ್ಲ ಹತ್ತಿರದ ಯಾಲ ಉದ್ಯಾನದ ಚಿರತೆಗಾಗಿ ಓಡುತ್ತಾರೆ. ಹಕ್ಕಿ ನೋಡುವವರು ಬುಂದಲಕ್ಕೆ ಹೋಗಿ. ಯಾಲದಲ್ಲಿ ಚಿರತೆಯ ಸುದ್ದಿ ಬಂದರೆ ಜೀಪುಗಳೆಲ್ಲ ಒಂದೇ ಕಡೆ ನುಗ್ಗುತ್ತವೆ. ಹಕ್ಕಿಗಾಗಿ ನಿಲ್ಲಿಸಿ ಎನ್ನುವವರ ಮಾತು ಯಾರಿಗೂ ಕೇಳುವುದಿಲ್ಲ. ಬುಂದಲ ನಿಶ್ಶಬ್ದ. ಜೌಗುನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸಾರ್‌ಗೆ 1990ರಲ್ಲಿ ಸೇರಿದ ಆ ದೇಶದ ಮೊದಲ ಜೌಗುನೆಲ ಅದು. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿ, ದೊಡ್ಡ ಕಲ್ಲುಗೊರವ, ಉತ್ತರದಿಂದ ಬಂದ ಸಾವಿರಾರು ಉಲ್ಲಂಕಿಗಳು ಕೆಸರಿನಲ್ಲಿ ಮೇಯುತ್ತಿರುತ್ತವೆ. ಒಂದು ಕಾಲಕ್ಕೆ ಇಲ್ಲಿ ರಾಜಹಂಸಗಳು ಸಾವಿರಗಟ್ಟಲೆ ಇಳಿಯುತ್ತಿದ್ದವು. ನೀರಾವರಿ ಕಾಲುವೆಗಳ ಸಿಹಿನೀರು ಹರವುಗಳಿಗೆ ಸೇರಿ ಉಪ್ಪಿನಂಶ ತಗ್ಗಿತು, ಅವುಗಳ ಮೇವು ಬದಲಾಯಿತು, ಅವು ಬರುವುದು ಕಡಿಮೆಯಾಯಿತು. ಇಂದು ರಾಜಹಂಸಗಳನ್ನೇ ನೋಡಬೇಕೆಂದರೆ ಉತ್ತರದ ಮನ್ನಾರಿಗೆ, ರಾಮಸೇತುವಿನ ಆ ತುದಿಗೆ ಹೋಗಬೇಕು. ಅದಕ್ಕೆ ಬೇರೆಯೇ ನಾಲ್ಕು ದಿನ ಬೇಕು.

ಊರಿಗೆ ಅಂಟಿಕೊಂಡಿರುವ ದೆಬರವೆವ ತಪ್ಪಿಸಬೇಡಿ. ವೆವ ಅಂದರೆ ಕೆರೆ. ಕಮಲದ ಎಲೆಗಳ ಮೇಲೆ ದೇವನಕ್ಕಿ, ಜೊಂಡಿನ ಅಂಚಿನಲ್ಲಿ ಕಲ್ಲಿನಂತೆ ನಿಂತ ಹಳದಿ ಬಕ. ನಮ್ಮ ಕೆರೆಗಳೂ ಹೀಗೇ ಇದ್ದವಲ್ಲ ಎಂದು ಎದೆ ಭಾರವಾಗುತ್ತದೆ. ಮುಸ್ಸಂಜೆಯ ಮೇಲೆ ಈ ಸೀಮೆಯಲ್ಲಿ ಕಾಲ್ನಡಿಗೆ ಬೇಡ, ಆನೆಗಳು ರಸ್ತೆಗೂ ಬರುತ್ತವೆ.

ನುವರ ಎಲಿಯ ಮತ್ತು ಹಾರ್ಟನ್ ಪ್ಲೇನ್ಸ್

ತಿಸ್ಸದಿಂದ ಬೆಟ್ಟ ಹತ್ತಲು ಐದು ಗಂಟೆ. ಸಂಜೆ ನಾಲ್ಕೂವರೆಯೊಳಗೆ ತಲುಪುವಂತೆ ಹೊರಡಿ, ಯಾಕೆಂದರೆ ಪೇಟೆಯ ನಡುವಿನ ವಿಕ್ಟೋರಿಯಾ ಪಾರ್ಕಿನಲ್ಲಿ ಹಕ್ಕಿ ನೋಡುವ ಹೊತ್ತು ಅದೇ. ಮಕ್ಕಳ ರೈಲು, ಹೂವಿನ ಪಾತಿ, ಐಸ್‌ಕ್ರೀಮು ಎಲ್ಲ ದಾಟಿ ಅಂಚಿನ ತೊರೆಯ ಹತ್ತಿರ ಹೋಗಿ. ನೀರು ಚೊಕ್ಕಟವಲ್ಲ, ಮೂಗಿಗೆ ಹಿತವಲ್ಲ. ಅಲ್ಲಿ ಸುಮ್ಮನೆ ನಿಂತರೆ ಹಿಮಾಲಯದಿಂದ ಬಂದ ಪೈಡ್ ಥ್ರಷ್ ನೆರಳಿನಿಂದ ಹೊರಬರುತ್ತದೆ. ಕಾಶ್ಮೀರದಲ್ಲಿ ಮರಿ ಮಾಡಿ ಇಲ್ಲಿಗೆ ಬರುವ ಪುಟ್ಟ ನೊಣಹಿಡುಕ ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಆರು ಗಂಟೆ ಹೊಡೆಯುವ ಹೊತ್ತಿಗೆ ನವರಂಗ ಕೂಗುತ್ತದೆ. ತಮಿಳಿನಲ್ಲಿ ಅದರ ಹೆಸರೇ ಆರುಮಣಿ ಕುರುವಿ, ಆರು ಗಂಟೆಯ ಹಕ್ಕಿ.

ಮರುದಿನ ನಸುಕಿಗೆ ಹಾರ್ಟನ್ ಪ್ಲೇನ್ಸ್. ನಾಲ್ಕೂವರೆಗೆ ಹೊರಟು, ಪಟ್ಟಿಪೊಲ ಕಡೆಯ ಬಾಗಿಲು ತೆರೆಯುವಾಗ ಮೊದಲ ಗಾಡಿಗಳ ಸಾಲಿನಲ್ಲಿರಿ. ಜನವರಿ ಫೆಬ್ರವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವುದುಂಟು. ಬಾಗಿಲಲ್ಲಿ ತಿಂಡಿಯ ಪ್ಲಾಸ್ಟಿಕ್ ಹೊದಿಕೆಗಳನ್ನು ತೆಗೆಸುತ್ತಾರೆ, ಆದ್ದರಿಂದ ಬುತ್ತಿ ಕಾಗದದಲ್ಲೋ ಡಬ್ಬಿಯಲ್ಲೋ ಇರಲಿ. ಎಲ್ಲ ಗಾಡಿಗಳೂ ಲೋಕದ ಕೊನೆ ಎಂದು ಕರೆಯುವ ಪ್ರಪಾತದ ಕಡೆಗೆ ಓಡುತ್ತವೆ. ನೀವು ಬಾಗಿಲು ದಾಟಿ ಸ್ವಲ್ಪ ದೂರದಲ್ಲೇ ಸಿಗುವ ಅರೆಂಗಾ ಕೊಳದ ಬಳಿ ಇಳಿಯಿರಿ. ಅರೆಂಗಾ ಅಂದರೆ ಶ್ರೀಲಂಕಾದ ವಿಸ್ಲಿಂಗ್ ಥ್ರಷ್. ಗಂಡಿನ ಮೈ ಕಪ್ಪುನೀಲಿ, ಹೆಗಲಲ್ಲಿ ಹೊಳೆಯುವ ನೀಲಿ ತೇಪೆ. ಬೆಳಗಿನ ಮತ್ತು ಸಂಜೆಯ ಅರೆಬೆಳಕಿನಲ್ಲಿ ಮಾತ್ರ ತೊರೆಯ ಅಂಚಿಗೆ ಬರುತ್ತದೆ. ಬೆಳ್ಳಿ ಸರಿಗೆಯಂಥ ಚೂಪು ಸಿಳ್ಳೆ ಕೇಳಿದರೆ ಉಸಿರು ಬಿಗಿಹಿಡಿದು ನಿಲ್ಲಿ. ನನಗೆ ಕಂಡದ್ದು ಎರಡನೇ ಬೆಳಗಿನಲ್ಲಿ, ಲೆಕ್ಕ ಹಾಕಿದರೆ ಹದಿನೈದು ಸೆಕೆಂಡು. ಅದಕ್ಕಾಗಿಯೇ ಇಲ್ಲಿ ಎರಡು ರಾತ್ರಿ ಎಂದದ್ದು.

ಬಿಸಿಲೇರಿದ ಮೇಲೆ ಹಳದಿ ಕಿವಿಯ ಪಿಕಳಾರ, ಮಾಸಲು ನೀಲಿ ನೊಣಹಿಡುಕ, ಬೆಟ್ಟದ ಬೆಳ್ಗಣ್ಣ ಕಷ್ಟವಿಲ್ಲದೆ ಸಿಗುತ್ತವೆ. ಕಾಡುಪಾರಿವಾಳ ಇಲ್ಲಿ ಸಿಗದಿದ್ದರೆ ಇಳಿಯುವಾಗ ಹಗ್ಗಲ ಸಸ್ಯೋದ್ಯಾನದಲ್ಲಿ ಹುಡುಕಿ.

ಊಟ ಮತ್ತು ಮಾತು

ಸಸ್ಯಾಹಾರಿಗಳು ಗಮನಿಸಿ: ಕಾಯಿ ಸಂಬಲ್ ನೋಡಲು ನಮ್ಮ ಕೆಂಪು ಚಟ್ನಿಯಂತೆಯೇ ಇರುತ್ತದೆ, ಆದರೆ ಅದರಲ್ಲಿ ಉಂಬಲಕಡ ಎಂಬ ಒಣಮೀನಿನ ಪುಡಿ ಬೆರೆಸುವ ರೂಢಿ. ಪಲ್ಯಗಳಿಗೂ ಕೆಲವೊಮ್ಮೆ ಹಾಕುತ್ತಾರೆ. ಉಂಬಲಕಡ ಇಲ್ಲದೆ ಕೊಡಿ ಎಂದು ಹೆಸರು ಹಿಡಿದೇ ಹೇಳಿ. ಕೆಂಪಕ್ಕಿ ಅನ್ನ, ತೊವ್ವೆಯಂಥ ಪರಿಪ್ಪು, ಹಲಸಿನ ಸಾರು, ಒತ್ತು ಶಾವಿಗೆ, ಆಪ್ಪ ಇವೆಲ್ಲ ನಮ್ಮ ನಾಲಿಗೆಗೆ ಒಗ್ಗುತ್ತವೆ. ದಾರಿಬದಿಯ ತಂಬಿಲಿ, ಕೆಂಬಣ್ಣದ ಎಳನೀರು, ದಿನಕ್ಕೆರಡು ಕುಡಿಯಿರಿ.

ಸಿಂಹಳದಲ್ಲಿ ಅಕ್ಕ ಅಂದರೆ ಅಕ್ಕನೇ, ಅಮ್ಮ ಅಂದರೆ ಅಮ್ಮನೇ. ಅಯ್ಯಾ ಅಂದರೆ ಅಣ್ಣ, ಮಲ್ಲಿ ಅಂದರೆ ತಮ್ಮ. ಚಾಲಕರನ್ನು ಅಯ್ಯಾ ಎಂದು ಕರೆದ ಮೇಲೆ ನಮ್ಮ ಪ್ರವಾಸದ ರೀತಿಯೇ ಬದಲಾಯಿತು, ಹಕ್ಕಿ ಕಂಡಲ್ಲಿ ಅವರೇ ಗಾಡಿ ನಿಲ್ಲಿಸತೊಡಗಿದರು. ಕೃತಜ್ಞತೆಗೆ ಇಸ್ತುತಿ ಎನ್ನಿ, ನಮ್ಮ ಸ್ತುತಿಯೇ. ಕುರುಲ್ಲಾ ಎಂದರೆ ಹಕ್ಕಿ. ಚಹಾ ತೋಟಗಳ ಕಡೆ ತಮಿಳು ನಡೆಯುತ್ತದೆ.

ಒಂದು ಟಿಪ್ಪಣಿ ಪುಸ್ತಕವನ್ನೂ ಒಯ್ಯಿರಿ. ಸಿಂಹರಾಜದ ಆ ಗೈಡ್ ಪ್ರತಿ ಸಂಜೆ ನನ್ನ ಪುಸ್ತಕದಲ್ಲಿ ಅಂದಿನ ಹಕ್ಕಿಗಳ ಸಿಂಹಳ ಹೆಸರನ್ನು ಬರೆಯುತ್ತಿದ್ದರು, ಪಕ್ಕದಲ್ಲಿ ನಾನು ಕನ್ನಡದ್ದನ್ನು ಬರೆಯುತ್ತಿದ್ದೆ. ಅವರ ಕೆಹಿಬೆಲ್ಲಾ ಮುಂದೆ ನನ್ನಲ್ಲಿ ಹೆಸರಿರಲಿಲ್ಲ, ಖಾಲಿ ಬಿಟ್ಟೆ. ಅದು ನೀಲಿ ಮ್ಯಾಗ್‌ಪೈ.

ಕೊನೆಯ ಅರ್ಧ ದಿನ

ನುವರ ಎಲಿಯದಿಂದ ಕೊಲಂಬೊಗೆ ಐದಾರು ಗಂಟೆ ಹಿಡಿ. ರಾತ್ರಿಯ ವಿಮಾನವಿದ್ದರೆ ಸಂಜೆಯ ಎರಡು ಗಂಟೆ ತಲಂಗಮ ಕೆರೆಗೆ ಇಡಿ. ನಗರದ ಮನೆಗಳ ಮಧ್ಯೆ ಗದ್ದೆ, ಕೆರೆ, ಏರಿಯ ಮೇಲೆ ನಡೆಯುವ ದಾರಿ. ಮಿಂಚುಳ್ಳಿ, ನೇರಳೆ ಜಂಬುಕೋಳಿ, ನೀರುಕಾಗೆ ಎಲ್ಲ ಕೈಗೆಟುಕುವಷ್ಟು ಹತ್ತಿರ. ಬಟ್ಟೆ ಬದಲಿಸಿ, ಇಂಬಳದ ಕಾಲುಚೀಲವನ್ನು ಮಗುಚಿ ಕೊಡವಿ, ಅಂದಿನ ಪಟ್ಟಿಯನ್ನು ಇ-ಬರ್ಡ್‌ಗೆ ಸೇರಿಸುವಷ್ಟು ಸಮಯ ಸಿಗುತ್ತದೆ. ಬಿದ್ದ ಗರಿ, ಚಿಪ್ಪು ಯಾವುದನ್ನೂ ಚೀಲಕ್ಕೆ ಹಾಕಿಕೊಳ್ಳಬೇಡಿ.

ನಾನು ಹೋದ ಸಂಜೆ ಏರಿಯ ಕೆಳಗೆ ಒಂದು ಹುಂಡುಕೋಳಿ ಮರಿಗಳ ಜೊತೆ ದಾರಿ ದಾಟುತ್ತಿತ್ತು. ಚಾಲಕ ಅಯ್ಯಾ ಎಂಜಿನ್ ಆರಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಕೊರವಕ್ಕಾ ಎಂದರು. ನಾನು ಪುಸ್ತಕ ತೆಗೆದು ಬರೆದುಕೊಂಡೆ.